ತಗಡಿನಾಚೆಯ ಗಾಳಿ

ಥರ್ಮೋಫೋಟೋವೋಲ್ಟಾಯಿಕ್ ಎಂಬ ಪದ ನನಗೆ ಈಗಲೂ ನಾಲಿಗೆ ತೊಡರದೆ ಬರುತ್ತದೆ. ಒಂದು ಕಾಲಕ್ಕೆ ಕನ್ನಡಿ ಮುಂದೆ ನಿಂತು ಅದನ್ನು ಉರು ಹೊಡೆದಿದ್ದೆ. ಈಗ ಯಾರಾದರೂ ಆ ಮಾತೆತ್ತಿದರೆ ಕಿವಿ ಬಿಸಿಯಾಗುತ್ತದೆ, ಎದ್ದು ಬೇರೆ ಕಡೆ ಹೋಗೋಣ ಅನ್ನಿಸುತ್ತದೆ. ಮೊನ್ನೆ ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗಿ ಅದೇ ವಿಷಯ ಕೇಳಿಕೊಂಡು ಬಂದಳು. ನಾನು ಗದರಿಸಿ ಕಳಿಸಿದೆ. ಪಾಪ, ಅವಳದೇನು ತಪ್ಪು?

ತೊಂಬತ್ತರ ದಶಕದ ನಡುವಿನ ಮಾತು. ನಾನು ಚಂದಕವಾಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಚಾಮರಾಜನಗರದಲ್ಲಿ ಒಂದು ಬಾಡಿಗೆ ಕೋಣೆ. ನನ್ನನ್ನು ಎತ್ತಿ ಆಡಿಸಿದ ಅಕ್ಕನನ್ನು ಗುಂಡ್ಲುಪೇಟೆಗೆ ಕೊಟ್ಟಿದ್ದರು. ಭಾವನದು ಹೆದ್ದಾರಿ ಪಕ್ಕದಲ್ಲಿ ಕುಲುಮೆ. ಈರುಳ್ಳಿ, ಟೊಮೆಟೊ ಹೇರಿಕೊಂಡು ಕೇರಳಕ್ಕೆ ಇಳಿಯುವ ಲಾರಿಗಳು ಹೊರಲಾರದಷ್ಟು ಹೊತ್ತು, ಚಕ್ರದ ಮೇಲಿನ ಉಕ್ಕಿನ ಪ್ಲೇಟು ಮುರಿದುಕೊಂಡು ಬಂದು ನಿಲ್ಲುತ್ತಿದ್ದವು. ಭಾವ ಹೊಸ ಪ್ಲೇಟನ್ನು ಕೆಂಡದಲ್ಲಿ ಕೆಂಪಗಾಗುವವರೆಗೂ ಕಾಯಿಸಿ, ಬಡಿದು, ಬಾಗಿಸಿ, ಕೂರಿಸಿ ಕಳಿಸುತ್ತಿದ್ದರು.

ಕುಲುಮೆಗೆ ಗಾಳಿ ಬೇಕು. ಗಾಳಿಗೆ ಒಂದು ಕರೆಂಟಿನ ಬ್ಲೋವರು, ಅದರ ಪಕ್ಕದಲ್ಲೇ ಕೈಯಲ್ಲಿ ತಿರುಗಿಸುವ ದೊಡ್ಡ ಚಕ್ರದ ಹಳೇ ಬ್ಲೋವರು. ಕಿಡಿ ಹಾರಬಾರದೆಂದು ಎರಡನ್ನೂ ಒಂದು ತಗಡಿನ ಅಡ್ಡಗೋಡೆಯ ಹಿಂದೆ ಇಟ್ಟಿದ್ದರು. ಅಲ್ಲಿಂದ ನೆಲದೊಳಗೆ ಒಂದು ಕೊಳವೆ ಬಂದು ಒಲೆಯ ತಳದಲ್ಲಿ ಬಾಯಿ ಬಿಡುತ್ತಿತ್ತು. ಕರೆಂಟು ಹೋದರೆ ಅಕ್ಕ ತಗಡಿನ ಹಿಂದೆ ಹೋಗಿ ಚಕ್ರ ತಿರುಗಿಸಬೇಕು. ಆ ಕಾಲದ ಕರೆಂಟೋ, ಬಂತಲ್ಲ ಅನ್ನುವಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಟಿರುತ್ತಿತ್ತು. ಭಾವ ಇಕ್ಕಳ ಬಿಟ್ಟು ಬರುವಂತಿಲ್ಲ. ಒಂದು ಗಳಿಗೆ ಕಣ್ಣು ತಪ್ಪಿದರೆ ಉಕ್ಕು ಸುಟ್ಟುಹೋಗುತ್ತದೆ. ಆಳುಗಳನ್ನು ಇಟ್ಟರೂ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರಲು ಓಡಿಹೋಗುತ್ತಿದ್ದರು.

ಹಾಗೆ ತಿರುಗಿಸಿ ತಿರುಗಿಸಿ ಅಕ್ಕನ ಬಲದೋಳು ಹಾಳಾಯಿತು. ತಲೆಯ ಮೇಲಕ್ಕೆ ಕೈ ಎತ್ತಲಾಗದೆ, ತುರುಬು ಕಟ್ಟಲು ಮಗಳನ್ನು ಕರೆಯುತ್ತಿದ್ದಳು. ನಾನೇ ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಬಾಯಿಬಿಟ್ಟು ಹೇಳಿದರು: ಇವತ್ತಿಗೇ ಆ ಚಕ್ರ ಬಿಟ್ಟರೆ ತೋಳು ಮೊದಲಿನ ಹಾಗಾಗಬಹುದು, ಬಿಡದಿದ್ದರೆ ಜನ್ಮಕ್ಕೂ ಮೇಲೇಳುವುದಿಲ್ಲ. ಬಸ್ಸಿನಲ್ಲಿ ಅಕ್ಕ ನಕ್ಕಳು. "ಎಡಗೈಲಿ ತಿರುಗುಸ್ತೀನಿ ಬುಡು" ಅಂದಳು. ಎಡಗೈಯಲ್ಲಿ ಆ ಚಕ್ರ ಅಲುಗುವುದಿಲ್ಲ ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅದೇ ದಿನಗಳಲ್ಲಿ ಚಾಮರಾಜನಗರದ ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ವಿಜ್ಞಾನ ಪತ್ರಿಕೆ ನನ್ನ ಕೈಗೆ ಸಿಕ್ಕಿತು. ಸೂರ್ಯನ ಬೆಳಕು ಬಿದ್ದರೆ ಸೋಲಾರ್ ಹಲಗೆಯಲ್ಲಿ ಕರೆಂಟು ಹುಟ್ಟುತ್ತದಲ್ಲ, ಹಾಗೆಯೇ ಚೆನ್ನಾಗಿ ಕಾದ ಯಾವ ವಸ್ತುವಿನ ಹೊಳಪು ಬಿದ್ದರೂ ಹುಟ್ಟುತ್ತದೆ. ವಿದೇಶದಲ್ಲಿ ಒಲೆಯ ಪಕ್ಕದಲ್ಲೇ ಅಂಥ ಹಲಗೆ ಇಟ್ಟು, ಅದೇ ಒಲೆಯ ಫ್ಯಾನು ತಿರುಗಿಸಲು ನೋಡುತ್ತಿದ್ದಾರೆ, ಅದರ ಹೆಸರು ಥರ್ಮೋಫೋಟೋವೋಲ್ಟಾಯಿಕ್ ಅಂತ ಅದರಲ್ಲಿ ಬರೆದಿತ್ತು. ಓದಿದವನೇ ಕುರ್ಚಿಯಿಂದ ಎದ್ದು ನಿಂತೆ. ಅಲ್ರೀ, ನಮ್ಮ ಕುಲುಮೆ ಇರುವುದೇ ಹಾಗಲ್ಲವೇ! ಬೆಂಕಿಯ ಹೊಳಪಿಗೆ ಕರೆಂಟು, ಕರೆಂಟಿಗೆ ಗಾಳಿ, ಗಾಳಿಗೆ ಬೆಂಕಿ. ಮಾರನೇ ಭಾನುವಾರ ಗುಂಡ್ಲುಪೇಟೆಗೆ ಹೋಗಿ ಅಕ್ಕನ ಮುಂದೆ ಎದೆ ಸೆಟೆಸಿ ನಿಂತೆ.

"ಅಕ್ಕಾ, ಇನ್ನು ಮೇಲೆ ನೀನು ಚಕ್ರ ಮುಟ್ಟಂಗಿಲ್ಲ. ಬೆಂಕಿಗೆ ಬೆಂಕೀನೇ ಗಾಳಿ ಹಾಕ್ಕೊಳ್ಳುತ್ತೆ. ಇದು ನನ್ನ ಮಾತು."

"ಅಂಗಾದ್ರೆ ತುರುಬು ನಾನೇ ಕಟ್ಕೋಬೋದು ಅನ್ನು" ಅಂದಳು ಅಕ್ಕ. ಅವಳ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಭಾವ ಮಾತ್ರ, "ಆ ಮಂತ್ರ ಇನ್ನೊಂದ್ ಸಲ ಏಳು ಮೇಷ್ಟ್ರೇ, ಥರ್ಮ ಏನು?" ಅಂತ ಛೇಡಿಸಿದರು. ಬೆಳಿಗ್ಗೆ ಕಬ್ಬಿಣ ಬಡಿಯುವ ಅಡಿಗಲ್ಲಿಗೆ ವಿಭೂತಿ ಬಳಿಯದೆ ಸುತ್ತಿಗೆ ಮುಟ್ಟದ ಮನುಷ್ಯ ಅವರು. ನನ್ನ ಮಂತ್ರದ ಮೇಲೂ ಅಷ್ಟೇ ಭಕ್ತಿ ಇಟ್ಟವರ ಹಾಗೆ ಕೈಮುಗಿದರು.

ಶಾಲೆಯಲ್ಲಿ ಧೂಳು ತಿನ್ನುತ್ತಿದ್ದ ಸೋಲಾರ್ ಹಲಗೆಯೊಂದನ್ನು ಹೆಡ್‌ಮಾಸ್ತರರ ಒಪ್ಪಿಗೆ ಪಡೆದು ತಂದೆ. ಹಾಳಾದ ಟೇಪ್ ರೆಕಾರ್ಡರಿನ ಮೋಟಾರು ಕಿತ್ತು, ಪೌಡರ್ ಡಬ್ಬಿಯ ತಗಡು ಕತ್ತರಿಸಿ ಅದಕ್ಕೆ ರೆಕ್ಕೆ ಕಟ್ಟಿದೆ. ಹಲಗೆ ಕಾದರೆ ಕರೆಂಟು ಇಳಿಯುತ್ತದೆ; ಅದಕ್ಕೆ ಬೆನ್ನಿಗೆ ಒದ್ದೆ ಗೋಣಿ. ಮುಂದೆ ನೀರು ತುಂಬಿದ ಗಾಜಿನ ತೊಟ್ಟಿ, ಹೊಳಪನ್ನು ಬಿಟ್ಟು ಸೆಕೆಯನ್ನು ಮಾತ್ರ ನೀರು ನುಂಗಿಕೊಳ್ಳಲಿ ಅಂತ. ಅದನ್ನು ನೋಡಿ ಲಾರಿ ಡ್ರೈವರುಗಳಿಗೆ ಹಬ್ಬವೋ ಹಬ್ಬ. "ಮಾಷೇ, ಮೀನ್ ಎವಿಡೆ?" ಅಂತ ಒಬ್ಬ ಮಲಯಾಳಿ, ಮೀನೆಲ್ಲಿ ಮೀನೆಲ್ಲಿ ಅಂತ ತೊಟ್ಟಿಯೊಳಗೇ ಹುಡುಕಿದ. "ಬಿಸಿಲಿಗೇ ಇಡಬಾರದೇನ್ಲಾ?" ಅಂತ ಅಕ್ಕ ಮೆಲ್ಲಗೆ ಕೇಳಿದಳು. "ಬಿಸಿಲಿಗೆ ಯಾರು ಬೇಕಾದರೂ ಇಡ್ತಾರೆ. ನಿನಗೆ ಗೊತ್ತಾಗಲ್ಲ, ಸುಮ್ಮನಿರು" ಅಂತ ಗದರಿದೆ. ಅಕ್ಕ ಗೋಣಿಗೆ ನೀರು ಚಿಮುಕಿಸಿದಳು.

ಕೆಂಡ ಬೆಳ್ಳಗಾದಾಗ ನನ್ನ ಪುಟ್ಟ ರೆಕ್ಕೆ ಗಿರ್ ಎಂದು ತಿರುಗಿತು. ಸುಳ್ಳಲ್ಲ, ನಿಜವಾಗಿ ತಿರುಗಿತು! ಅದನ್ನೊಂದು ಮರದ ಪೆಟ್ಟಿಗೆಯಲ್ಲಿಟ್ಟು, ಎಲ್ಲರಿಗೂ ಕಾಣುವ ಹಾಗೆ ಒಲೆಯ ಪಕ್ಕದಿಂದ ಕೊಳವೆಗೆ ಸೇರಿಸಿದೆ. ಬ್ಲೋವರ್ ಆರಿಸಲು ಭಾವನಿಗೆ ಹೇಳಿದೆ. ಬೆಂಕಿ ಕಂದಿತು, ಕೆಂಪಾಯಿತು, ಇನ್ನೇನು ಕಪ್ಪಾಗಬೇಕು ಅನ್ನುವಷ್ಟರಲ್ಲಿ ಒಂದು ಉಸಿರೆಳೆದುಕೊಂಡು ಮತ್ತೆ ಭಗ್ಗನೆ ಬೆಳಗಿತು. ರೆಕ್ಕೆ ಜೋರಾಯಿತು. ನಾನು ಕುಣಿದುಬಿಟ್ಟೆ. "ಅಕ್ಕಾ, ನೋಡಿದ್ಯಾ!" ಅಂತ ತಿರುಗಿದರೆ ಅಕ್ಕ ಅಲ್ಲಿರಲಿಲ್ಲ. ಕಾಫಿ ಕಾಯಿಸಲು ಹೋಗಿರಬೇಕು ಅಂದುಕೊಂಡೆ.

ಆಮೇಲೆ ಹೇಳಬೇಕೇ? ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಕೊರೆದೆ. ಶಾಲೆಯಲ್ಲಿ ಪಾಠ ಬಿಟ್ಟು ಇದನ್ನೇ ಹೇಳಿದೆ. ಭಾನುವಾರ ಬಂದಾಗೆಲ್ಲ ಕರೆಂಟು ಹೋಗಲಿ ಅಂತ ಕಾದೆ. ಹೋದಾಗ ಒಲೆ ಒಮ್ಮೆ ಕಂದಿ ಮತ್ತೆ ಹೊತ್ತಿಕೊಳ್ಳುವುದನ್ನು ಕಣ್ಣು ತುಂಬ ನೋಡಿದೆ. ಅಕ್ಕನ ತೋಳಿಗೆ ಆರಾಮೇನೋ ಅಂತ ವಿಚಾರಿಸಿದರೆ "ವಾಸಿ ಕಣ್ಲಾ" ಅನ್ನುತ್ತಿದ್ದಳು. ತುರುಬನ್ನು ಇನ್ನೂ ಮಗಳೇ ಕಟ್ಟುತ್ತಿದ್ದಳು. ಅದನ್ನು ಕಂಡೂ ನನಗೆ ಏನೂ ಹೊಳೆಯಲಿಲ್ಲ, ಕತ್ತೆಗೆ.

ಕೊನೆಗೆ ಹೆಡ್‌ಮಾಸ್ತರರನ್ನೂ ಇಬ್ಬರು ಸಹೋದ್ಯೋಗಿಗಳನ್ನೂ ಒಂದು ಭಾನುವಾರ ಕರೆದುಕೊಂಡು ಬಂದೆ. ನಾನು ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದೆ. ಮೀನು ಹುಡುಕಿದ್ದ ಅದೇ ಮಲಯಾಳಿ ಡ್ರೈವರು ಪ್ಲೇಟು ಮುರಿದುಕೊಂಡು ಬಂದು ನಿಂತಿದ್ದ. ಕರೆಂಟು ನನ್ನ ಮಾತು ಕೇಳಿದ ಹಾಗೆ ಸರಿಯಾಗಿ ಹೋಯಿತು. ಬೆಂಕಿ ಕಂದಿತು, ಮತ್ತೆ ಬೆಳಗಿತು, ರೆಕ್ಕೆ ಗಿರಗಿರ ತಿರುಗಿತು. ಹೆಡ್‌ಮಾಸ್ತರರು "ಭೇಷ್!" ಅಂದರು. ನಾನು ಭಾಷಣ ಶುರುಮಾಡಿದೆ. ಪದಾರ್ಥ ಕಾದರೆ ಯಾಕೆ ಹೊಳೆಯುತ್ತದೆ ಅನ್ನುವಲ್ಲಿಂದ ಹಿಡಿದು ಮುಂದೆ ಊರೂರಿಗೆ ಏನಾಗಲಿದೆ ಅನ್ನುವವರೆಗೂ ಹೇಳಿದೆ. ಅಷ್ಟರಲ್ಲಿ ಗೋಣಿ ಒಣಗಿ ಹಬೆಯಾಡಿತು. ಪಕ್ಕದಲ್ಲಿ ತುಂಬಿಟ್ಟಿದ್ದ ಬಕೆಟ್ಟು ಖಾಲಿಯಾಗಿತ್ತು.

"ಅಕ್ಕಾ, ನೀರು!" ಅಂತ ಕೂಗಿದೆ. ಅಕ್ಕ ಬರಲಿಲ್ಲ. ನೀರಿನ ಡ್ರಮ್ಮು ತಗಡಿನ ಹಿಂದಿತ್ತು. ಬಕೆಟ್ ಎತ್ತಿಕೊಂಡು ನಾನೇ ಹೋದೆ.

ಅಕ್ಕ ಚಕ್ರ ತಿರುಗಿಸುತ್ತಿದ್ದಳು. ಬಲಗೈ ಹಿಡಿಯ ಮೇಲಿತ್ತು; ಆ ಕೈ ತಾನಾಗಿ ಏಳುತ್ತಿರಲಿಲ್ಲ, ಎಡಗೈಯಿಂದ ಬಲ ಮೊಣಕೈಯನ್ನು ಎತ್ತಿ ಎತ್ತಿ ಸುತ್ತು ದಾಟಿಸುತ್ತಿದ್ದಳು. ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಚಕ್ರದಿಂದ ಒಂದು ಚೂರೂ ಸದ್ದಿಲ್ಲ. ಕಿರುಗುಟ್ಟಿ ನನಗೆ ಕೇಳಿಸಬಾರದೆಂದು ಅಚ್ಚಿಗೆ ತಲೆಗೆ ಹಚ್ಚುವ ಹರಳೆಣ್ಣೆ ಬಿಟ್ಟಿದ್ದಳು. ಅದರ ವಾಸನೆ ಅಲ್ಲೆಲ್ಲ ತುಂಬಿತ್ತು.

"ಓಗ್ಲಾ ಆಚೆಗೆ" ಅಂತ ಪಿಸುಗುಟ್ಟಿದಳು. "ಹೆಡ್ಮೇಷ್ಟ್ರು ಕಾಯ್ತಾವ್ರೆ, ಓಗು."

"ಯಾವಾಗಿಂದ?" ಅಂದೆ.

"ಮೊದ್ಲಿಂದಾನೂವೆ. ಆವತ್ತು ಬೆಂಕಿ ಆರೋಯ್ತಿತ್ತು ಕಣ್ಲಾ. ನಿನ್ ಮೊಕ ಕಂಡೆ, ತಡಿಯಕ್ಕಾಗ್ನಿಲ್ಲ. ನಿನ್ ರೆಕ್ಕೆ ಸುಳ್ಳಲ್ಲ, ಅದು ತಿರುಗ್ತದೆ. ಗಾಳಿ ಒಸಿ ಕಮ್ಮಿ, ಅಷ್ಟೇಯ."

ರೆಕ್ಕೆ ಸುಳ್ಳಲ್ಲ. ಬೆಂಕಿಯಿಂದ ಕರೆಂಟು ಬಂದದ್ದು ನಿಜ. ಆ ಬೆಂಕಿ ಬಂದದ್ದು ಅಕ್ಕನ ತೋಳಿನಿಂದ. ನಾನು ಮುಂದೆ ನಿಂತು ಭಾಷಣ ಬಿಗಿದಷ್ಟು ಹೊತ್ತೂ ಅವಳು ಹಿಂದೆ ನಿಂತು ತೋಳು ಸವೆಸಿದ್ದಳು. ಬಿಡಿಸುತ್ತೇನೆ ಅಂತ ಬಂದವನು ನಾನು. ನಾನು ಬರುವ ಮೊದಲು ಕರೆಂಟು ಹೋದಾಗ ನೋವಾದರೆ ನಿಲ್ಲಿಸಿ ಉಸ್ಸಪ್ಪಾ ಅನ್ನಲಾದರೂ ಅವಳಿಗೆ ಆಗುತ್ತಿತ್ತು. ಈಗ ಅದೂ ಇರಲಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನುತ್ತಾರಲ್ಲ, ಅದು ಬರೀ ಮಾತಲ್ಲ ಅಂತ ಅವತ್ತು ತಿಳಿಯಿತು.

ಅವಳ ಕೈ ಬಿಡಿಸಿ ಹಿಡಿಯನ್ನು ನಾನು ಹಿಡಿದೆ. "ಬ್ಯಾಡ ಕಣ್ಲಾ, ಅಂಗಿ ಕೊಳೆ ಆಯ್ತದೆ" ಅಂದಳು. ನಾನು ಕೇಳಲಿಲ್ಲ. ತಿರುಗಿಸಿದೆ. ಆದರೆ ಅದಕ್ಕೊಂದು ಹದ ಇರುತ್ತದೆ, ಅದು ನನ್ನ ಕೈಗೆ ಎಲ್ಲಿಂದ ಬರಬೇಕು? ಗಾಳಿ ಬಿಕ್ಕಿ ಬಿಕ್ಕಿ ಹೋಯಿತು. ಅತ್ತ ಪ್ಲೇಟಿನ ಮೇಲೆ ಕಣ್ಣು ನೆಟ್ಟಿದ್ದ ಭಾವ, ನೋಡಲು ಬಂದವರು ನಿಂತಿದ್ದಾರೆಂಬುದನ್ನೂ ಮರೆತು ಗಾಬರಿಯಿಂದ ಕೂಗಿದರು.

"ಏನಮ್ಮೀ, ತೋಳು ಬಾಳ ನೋಯ್ತದಾ? ಬುಟ್ಬುಡು, ಸಾಕು ಬುಟ್ಬುಡು! ಈ ಪ್ಲೇಟು ನಾಳೀಕೆ ನೋಡನ!"

ಡ್ರೈವರು ತಗಡಿನ ಪಕ್ಕದಿಂದ ಇಣುಕಿದ. ಬಿಳಿ ಅಂಗಿಯಲ್ಲಿ ಚಕ್ರ ತಿರುಗಿಸುತ್ತಿದ್ದ ನನ್ನನ್ನೂ, ತೋಳು ಹಿಡಿದುಕೊಂಡು ಗೋಡೆಗೆ ಒರಗಿದ್ದ ಅಕ್ಕನನ್ನೂ ನೋಡಿದ. ಮೀನಿನ ಮಾತು ಈಗಲಾದರೂ ಆಡಲಿ ಅಂತ ಕಾದೆ. ಅವನು ಆಡಲಿಲ್ಲ. ಹೆಗಲ ಮೇಲಿನ ಟವೆಲ್ಲು ಸೊಂಟಕ್ಕೆ ಸುತ್ತಿಕೊಂಡು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ತಿರುಗಿಸತೊಡಗಿದ. ಅವನು ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಆಚೆ ಬಂದಾಗ ಸಹೋದ್ಯೋಗಿಗಳು ಗಾಜಿನ ತೊಟ್ಟಿಯನ್ನು ನೋಡುತ್ತ ನಿಂತಿದ್ದರು. ಹೆಡ್‌ಮಾಸ್ತರರು ನನ್ನ ಬೆನ್ನು ತಟ್ಟಿ, "ಪ್ರಯತ್ನ ಮಾಡಿದ್ರಲ್ಲ, ಬಿಡಿ" ಅಂದರು. ಆ ಕೈ ನನ್ನ ಬೆನ್ನ ಮೇಲೆ ಇನ್ನೂ ಇದೆ. ಸಂಜೆ ಭಾವ, "ನಂಗೂ ಗೊತ್ತಿತ್ತು ಕಣಪ್ಪ. ತಮ್ಮಂಗೆ ಏಳ್ಬೇಡಿ ಅಂತ ಆಣೆ ಆಕ್ಸ್ಕೊಂಡಿದ್ಲು" ಅಂದರು. ಎರಡು ಬಾರಿಸಿಬಿಡಿ ಭಾವ, ಅಂತ ಕೇಳಿಕೊಳ್ಳೋಣ ಅನ್ನಿಸಿತು. ಅವರು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಬಡಿಸಲು ಮಗಳಿಗೆ ಹೇಳಿದರು.

ಆಮೇಲೆ ಅಕ್ಕ ಚಕ್ರ ಮುಟ್ಟಲಿಲ್ಲ. ಭಾವ ಹಳೇ ಡೀಸೆಲ್ ಇಂಜಿನ್ನೊಂದಕ್ಕೆ ಬೆಲ್ಟು ಕಟ್ಟಿ ಬ್ಲೋವರಿಗೆ ಜೋಡಿಸಿದರು. ಎಣ್ಣೆ ತಿಕ್ಕಿದ್ದಾಯಿತು, ನಾಟಿ ಔಷಧಿ ಆಯಿತು, ಮೈಸೂರಿಗೆ ಮತ್ತೆ ಹೋಗಿದ್ದಾಯಿತು. ತೋಳು ಮೇಲೇಳಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿ, "ಅವತ್ತೇ ಹೇಳಿದ್ನಲ್ಲ, ಯಾಕೆ ಬಿಡಿಸಲಿಲ್ಲ?" ಅಂತ ಕೇಳಿದರು. ಥರ್ಮೋಫೋಟೋವೋಲ್ಟಾಯಿಕ್ ಅಂತ ಹೇಳಲೇ?

ಕೆಲವು ವರ್ಷಗಳಾದ ಮೇಲೆ ಅಕ್ಕನ ಮಗಳ ಮದುವೆ ಚಾಮರಾಜನಗರದ ಛತ್ರದಲ್ಲಿ ನಡೆಯಿತು. ಬೆಳಿಗ್ಗೆ ಮದುಮಗಳು ತನ್ನ ಅಲಂಕಾರ ಬಿಟ್ಟು ಕೊನೇ ಸಲ ಅವ್ವನ ತುರುಬು ಕಟ್ಟಿದಳು. ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಎದ್ದಿತು, ಎಲ್ಲರೂ ಅಕ್ಷತೆ ಹಿಡಿದು ಮುಂದೆ ನುಗ್ಗಿದರು. ಅಕ್ಕನ ಬಲಗೈ ಎದೆಯ ಮಟ್ಟಕ್ಕೂ ಏಳದು, ಹೆತ್ತ ಮಗಳ ತಲೆಯ ಮೇಲೆ ಎಡಗೈಯಲ್ಲಿ ಅಕ್ಷತೆ ಹಾಕುವುದುಂಟೇ? ತನ್ನ ಮುಷ್ಟಿಯಲ್ಲಿದ್ದುದನ್ನು ನನ್ನತ್ತ ಚಾಚಿದಳು; ನನ್ನ ಅಕ್ಷತೆಯನ್ನು ಎಡಗೈಗೆ ಬದಲಿಸಿಕೊಂಡು ಬಲಗೈ ಒಡ್ಡಿದೆ, ಸುರಿದಳು.

"ನನ್ ಪಾಲ್ನೂ ನೀನೇ ಆಕ್ಬುಡ್ಲಾ. ನಿನ್ ಕೈ ಎತ್ತರಕ್ಕೆ ಓಯ್ತದೆ."

ಅವಳ ಮನಸ್ಸಿನಲ್ಲಿ ಕುಹಕ ಇರಲಿಲ್ಲ. ಮಗಳನ್ನು ನೋಡಿ ನಗುತ್ತಿದ್ದಳು. ನಾನು ಕೈ ಎತ್ತಿ ಅಕ್ಕನ ಪಾಲಿನದನ್ನು ಹಾಕಿದೆ. ನನ್ನ ಪಾಲಿನದಕ್ಕೆ ಕೈ ಏಳಲಿಲ್ಲ; ಅದು ಎಡಗೈ ಮುಷ್ಟಿಯಲ್ಲೇ ಉಳಿಯಿತು, ಬೆವರಿಗೆ ಒದ್ದೆಯಾಗಿ ಅಂಗೈಗೆ ಮೆತ್ತಿಕೊಂಡಿತು.