ಅಪ್ಪನ ಅತ್ತರಿನಂಗಡಿಗೆ ಕಸ್ತೂರಿ ಬಂದ ದಿನ

ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ಕಂಕನಾಡಿಯಲ್ಲಿ ಅತ್ತರಿನ ಅಂಗಡಿ ಇತ್ತು. ಮಾರ್ಕೆಟಿನ ಮೀನಿನ ವಾಸನೆ, ಬಸ್ಸಿನ ಹೊಗೆ ಎಲ್ಲ ದಾಟಿ ಒಳಗೆ ಕಾಲಿಟ್ಟರೆ ಮಲ್ಲಿಗೆ, ಶ್ರೀಗಂಧ, ಲಾವಂಚ. ಶಾಲೆಗೆ ರಜೆಯಿದ್ದ ದಿನ ನಾನೂ ಅಕ್ಕನೂ ಉಳ್ಳಾಲದಿಂದ ಬಸ್ಸು ಹತ್ತಿ ಅಪ್ಪನ ಜೊತೆ ಬರುತ್ತಿದ್ದೆವು.

ಅಂಥ ಒಂದು ಬೆಳಿಗ್ಗೆ, ಅಪ್ಪನಿಗೆ ಗಂಧದೆಣ್ಣೆ ತಂದುಕೊಡುತ್ತಿದ್ದ ದಲ್ಲಾಳಿ ಬಂದ. ಸೊಂಟದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದ. ಒಳಗೆ ನಿಂಬೆಹಣ್ಣಿನಷ್ಟು ದಪ್ಪದ, ಒಣಗಿದ, ಮೇಲೆಲ್ಲ ಕೂದಲಿದ್ದ ಚೀಲ.

"ಅಸಲಿ ಕಸ್ತೂರಿ ಸಾಹೇಬ್ರೇ. ಹಿಮಾಲಯದ್ದು."

ನಾನು ಆಸೆಯಿಂದ ಮೂಗು ಹತ್ತಿರ ತಂದೆ. ಆಡಿನ ಕೊಟ್ಟಿಗೆಯ ಗಬ್ಬುನಾತ! ಸಾಸಿವೆಯಷ್ಟನ್ನು ಎಣ್ಣೆಗೆ ಹಾಕಿ ತಿಂಗಳುಗಟ್ಟಲೆ ಇಟ್ಟರೆ ಮಾತ್ರ ಅದು ಪರಿಮಳವಾಗುತ್ತದೆ ಎಂದು ಅಪ್ಪ ಹೇಳಿದರು.

"ಇದು ಜಿಂಕೆಯ ಹೊಕ್ಕುಳಲ್ಲಿ ಸಿಗುವುದಲ್ವಾ?" ಅಕ್ಕ ಕೇಳಿದಳು.

"ಹೊಕ್ಕುಳಲ್ಲ ಮಾರಾಯ್ತಿ," ದಲ್ಲಾಳಿ ನಕ್ಕ. "ಹೊಟ್ಟೆಯ ಅಡಿಯಲ್ಲಿರುವ ಚೀಲ. ಗಂಡು ಕಸ್ತೂರಿ ಮೃಗಕ್ಕೆ ಮಾತ್ರ ಇರ್ತದೆ. ತಂತಿಯ ಉರುಳು ಹಾಕಿ ಹಿಡಿಯುವುದು. ಉರುಳಿಗೆ ಗಂಡು ಯಾವುದು, ಹೆಣ್ಣು ಯಾವುದು ಅಂತ ಗೊತ್ತಾಗ್ತದಾ? ಮರಿಗಳೂ ಬೀಳ್ತವೆ. ಗಂಡಿನದ್ದು ಕುಯ್ಯುವುದು, ಉಳಿದದ್ದನ್ನು ಬಿಸಾಡುವುದು. ಕೆಲವಕ್ಕೆ ಕುಯ್ಯುವಾಗ ಇನ್ನೂ ಜೀವ ಇರ್ತದೆ."

ಅಕ್ಕ ಮೇಜಿನಿಂದ ಹಿಂದೆ ಸರಿದಳು. ಅಪ್ಪ ಗಂಟನ್ನು ಹಿಂದಕ್ಕೆ ತಳ್ಳಿದರು.

"ನನಗೆ ಬೇಡ. ಇದನ್ನು ಮಾರುವುದು ಅಪರಾಧ. ಇನ್ನು ಈ ಅಂಗಡಿಗೆ ಬರಬೇಡ ನೀನು."

"ಎಂತ? ಎಲ್ಲ ನೋಡಿಯಾದ ಮೇಲೆ ಪೊಲೀಸರಿಗೆ ಹೇಳ್ತೀಯಾ?"

ಅವನ ಮುಖವೇ ಬದಲಾಯಿತು. ಅಪ್ಪನ ಕುತ್ತಿಗೆ ಹಿಡಿದು ತಲೆಯನ್ನು ಗೋಡೆಗೆ ಬಡಿದ. ಕಪಾಟು ಅಲುಗಾಡಿ ಬಾಟ್ಲಿಗಳು ಪಟಪಟನೆ ಬಿದ್ದು ಒಡೆದವು. ಮತ್ತೆ ಬಡಿದ. ಅಪ್ಪನ ಹಣೆಯಿಂದ ರಕ್ತ ಸುರಿಯಿತು. ನಾನು ಅವನ ಕೈಗೆ ಜೋತುಬಿದ್ದು ಬಲವಾಗಿ ಕಚ್ಚಿದೆ. ಅವನು ಕೊಡವಿದ ರಭಸಕ್ಕೆ ಗಾಜಿನ ಚೂರುಗಳ ಮೇಲೆ ಬಿದ್ದೆ, ಅಂಗೈ ಸೀಳಿತು. ಮೂರನೆಯ ಸಲ ಬಡಿಯುವಷ್ಟರಲ್ಲಿ ಅಕ್ಕ ಒಂದು ದೊಡ್ಡ ಬಾಟ್ಲಿಯ ಅತ್ತರನ್ನು ಪೂರ್ತಿ ಅವನ ಕಣ್ಣಿಗೆ ಎರಚಿದಳು. ಅವನು ಬೊಬ್ಬೆ ಹೊಡೆಯುತ್ತಾ ಕುರುಡನಂತೆ ಹೊರಗೆ ಓಡಿದ. ಮೀನು ಮಾರುವವರು ಹಿಡಿದು ಕೆಡವಿ ಹಗ್ಗದಲ್ಲಿ ಕಟ್ಟಿದರು. ಪೊಲೀಸರು ಬಂದು ಅವನನ್ನೂ ಆ ಗಂಟನ್ನೂ ಒಯ್ದರು.

ಅಪ್ಪನ ಗಾಯ ಒಣಗಿತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಅಂಗಡಿಯಲ್ಲಿ ಮಲ್ಲಿಗೆಯ ಅತ್ತರಿನ ಮುಚ್ಚಳ ತೆಗೆದು ಮೂಸಿದರು. ಇನ್ನೊಂದು ಬಾಟ್ಲಿ ಮೂಸಿದರು. ಮತ್ತೊಂದು.

"ಮಗಾ, ಇದರಲ್ಲಿ ಎಂತ ಉಂಟು?" ಎಂದು ಅಕ್ಕನನ್ನು ಕೇಳಿದರು.

ತಲೆಗೆ ಬಿದ್ದ ಪೆಟ್ಟಿಗೆ ವಾಸನೆಯ ನರಗಳೇ ಹರಿದಿವೆ ಎಂದರು ಡಾಕ್ಟರು. ಅತ್ತರು ಮಾರುವ ಅಪ್ಪನಿಗೆ ಮತ್ತೆಂದೂ ವಾಸನೆ ಬರಲಿಲ್ಲ. ಆದರೂ ಅಂಗಡಿ ಮುಚ್ಚಲಿಲ್ಲ. ದಿನಾ ಸಂಜೆ ಶಾಲೆ ಬಿಟ್ಟ ಕೂಡಲೇ ಅಕ್ಕ ಅಲ್ಲಿಗೆ ಓಡುತ್ತಿದ್ದಳು. ಅವಳು ಮೂಸಿ ಹೇಳುವುದು, ಅಪ್ಪ ಬೆರೆಸುವುದು. ದೊಡ್ಡವಳಾದ ಮೇಲೆ ಅಂಗಡಿಯನ್ನು ಅವಳೇ ನಡೆಸಿದಳು.

ಈಗ ನನ್ನ ಮೊಮ್ಮಕ್ಕಳು ನಂತೂರಿನ ಟ್ರಾಫಿಕ್ಕಿನಲ್ಲಿ ಬೆವೆತು ಮನೆಗೆ ಬಂದು, ಗಲ್ಫಿನಿಂದ ಅವರಪ್ಪ ಕಳಿಸಿದ ಸ್ಪ್ರೇ ಹೊಡೆದುಕೊಳ್ಳುತ್ತಾರೆ. ಅದರ ಮೇಲೆ 'ಮಸ್ಕ್' ಎಂದು ಬರೆದಿದೆ. ಮಸ್ಕ್ ಅಂದರೆ ಯಾವುದೋ ಹೂವು ಎಂದುಕೊಂಡಿದ್ದರು ಅವರು! ಅದು ನಮ್ಮ ಕಸ್ತೂರಿಯೇ. ಆದರೆ ಈಗಿನದ್ದು ಹೆಚ್ಚಾಗಿ ಕಾರ್ಖಾನೆಯಲ್ಲಿ ತಯಾರಾಗುವುದು, ಅದಕ್ಕೆ ಪ್ರಾಣಿಯನ್ನು ಕೊಲ್ಲಬೇಕಾಗಿಲ್ಲ ಎಂದು ವಿವರಿಸಿ, ಈ ಕಥೆ ಹೇಳಿದೆ.

ಸಣ್ಣವಳು ಸ್ಪ್ರೇ ಬಾಟ್ಲಿಯನ್ನು ಕೆಳಗಿಟ್ಟಳು. "ಅಜ್ಜಿ, ಆ ಜಿಂಕೆಗಳು ಈಗಲೂ ಉಂಟಾ?"

"ಉಂಟು ಮಗಾ, ಸ್ವಲ್ಪ."

ಅವಳು ನನ್ನ ಕಿವಿಯ ಹತ್ತಿರ ಬಂದಳು. "ಎಲ್ಲಿ ಉಂಟು ಅಂತ ಯಾರಿಗೂ ಹೇಳ್ಬೇಡಿ, ಆಯ್ತಾ?"