ಹಿಂದಿನ ರಟ್ಟಿನ ಜ್ಯೋತಿಷ್ಯ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಣ್ಣ ವಾರಪತ್ರಿಕೆಗಳನ್ನು ಹಿಂದಿನಿಂದ ಓದುತ್ತಿದ್ದರು. "ಬರೆದಿದ್ದನ್ನ ಯಾವುದಕ್ಕೆ ಕಳಿಸಲಿ ಅಣ್ಣ? ಯಾರು ಚೆನ್ನಾಗಿ ಕಾಸು ಕೊಡ್ತಾರೆ?" ಎಂದು ನಾನು ಕೇಳಿದಾಗಲೆಲ್ಲ ಒಂದನ್ನು ಎಳೆದು, ಬೋರಲು ಹಾಕಿ, ಹೆಬ್ಬೆಟ್ಟಿನಿಂದ ಕುಟ್ಟುವರು.

"ಹಿಂದ್ಲ ರಟ್ಟು ನೋಡು ಕಣಮ್ಮಿ. ಚಿನ್ನದಂಗ್ಡಿ ಜಾಹೀರಾತಿದ್ರೆ ಕಾಸು ಕೊಟ್ಟಾರು. ಮೂಲವ್ಯಾಧಿ ಔಷ್ದಿ ಇದ್ರೆ ಕಾಸಿಲ್ಲ, ಬರೀ ಗೌರವ ಪ್ರತಿ."

ಒಳಗಿನ ಪುಟ ತಿರುವಲು ಹೋದರೆ ಕಿತ್ತುಕೊಳ್ಳುವರು. ಪುಗಸಟ್ಟೆ ಓದಲು ಯಾರನ್ನೂ ಬಿಟ್ಟವರಲ್ಲ.

ಅವರನ್ನು ನಂಬಿ, ಚಿನ್ನದಂಗಡಿ ಜಾಹೀರಾತಿದ್ದ ಪತ್ರಿಕೆಗೇ ಒಂದು ಲೇಖನ ಕಳಿಸಿದೆ. ರಾತ್ರಿ ಮುಚ್ಚುವ ಬಂಡೀಪುರದ ಗೇಟು ತೆಗೆಯುವುದನ್ನೇ ಕಾಯುವ ಈರುಳ್ಳಿ ಲಾರಿಗಳ ಬಗ್ಗೆ. ಆರು ತಿಂಗಳು ಸುದ್ದಿಯೇ ಇಲ್ಲ. ಒಂದು ಬೆಳಿಗ್ಗೆ ತೆರಕಣಾಂಬಿ ಬಸ್ಸಿಗೆ ಓಡುತ್ತಿದ್ದವಳನ್ನು ಅಣ್ಣ ಕೂಗಿ ನಿಲ್ಲಿಸಿದರು. ಆ ಪತ್ರಿಕೆಯಲ್ಲಿ ನನ್ನ ಹೆಸರಿದ್ದ ಪುಟವನ್ನು ಮೇಲೆ ಮಾಡಿ, ಮಿಕ್ಕಿದ್ದನ್ನೆಲ್ಲ ಹಿಂದಕ್ಕೆ ಮಡಚಿ ಹಿಡಿದಿದ್ದರು. ನಾನು ಪರ್ಸಿಗೆ ಕೈ ಹಾಕಿದೆ.

"ಬುಡು ಬುಡು, ಕಾಸು ಬ್ಯಾಡ. ಓಗಮ್ಮಿ, ಬಸ್ಸು ಒಂಟೋಯ್ತದೆ."

ಸೀಟು ಸಿಕ್ಕಿದ ಮೇಲೆ ಮಡಿಕೆ ಬಿಡಿಸಿ, ಅಭ್ಯಾಸಬಲದಿಂದ ಬೋರಲು ಹಾಕಿದೆ. ಚಿನ್ನದಂಗಡಿ ಹೋಗಿ ಮೂಲವ್ಯಾಧಿ ಔಷಧಿ ಬಂದಿತ್ತು.

ಆ ಪತ್ರಿಕೆಯಿಂದ ಕಾಸು ಬರಲೇ ಇಲ್ಲ. ಗೌರವ ಪ್ರತಿಯನ್ನು ಮಾತ್ರ ಅಂಗಡಿಯಣ್ಣ ಆಗಲೇ ಕೊಟ್ಟಾಗಿತ್ತು.