ಕೂಸಿಲ್ಲದ ಬಾಣಂತನ

ಬಟ್ಟೆ ಹಿಂಡುವಾಗ ಅನುಮಾನ ಬಂತು. ಬೆಳಗಿನಿಂದ ಹೊಟ್ಟೆಯಲ್ಲಿ ಕೂಸು ಒದ್ದಿರಲಿಲ್ಲ. ಬೆಲ್ಲದ ನೀರು ಕುಡಿದೆ. ಎಡಮಗ್ಗುಲಾಗಿ ಮಲಗಿದೆ. ಕಾಯ್ದೆ. ಅವ್ವ ತವರೂರು ಅಂಕಲಿಯಿಂದ ಚಿಕ್ಕೋಡಿಯ ಆಸ್ಪತ್ರೆಗೆ ಕರೆದೊಯ್ದಳು. ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರು ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

“ಹಾರ್ಟ್‌ಬೀಟ್ ಸಿಗವಲ್ದವ್ವಾ.”

ಆದರೂ ಹೆರಬೇಕಿತ್ತು. ಹೆತ್ತೆ. ಹೆಣ್ಣು. ನೋಡಿದರೆ ಕೊರಗುತ್ತೇನೆಂದು ಯಾರೂ ನನಗೆ ತೋರಿಸಲಿಲ್ಲ. ರಾಯಬಾಗದಿಂದ ಬಂದ ಗಂಡನ ಮನೆಯವರು ಒಯ್ದು ಮಣ್ಣು ಮಾಡಿದರು.

ತವರಿಗೆ ಮರಳಿದ ಮೇಲೆ ಎದೆಹಾಲು ಬಂತು.

ಕುಪ್ಪಸ ತೊಯ್ಯುತ್ತಿತ್ತು. ಬಾಣಂತಿಯ ಉಂಡಿಗೆಂದು ಅವ್ವ ಕೂಡಿಟ್ಟ ಅಂಟು, ಒಣಕೊಬ್ಬರಿ, ಉತ್ತತ್ತಿಯ ಡಬ್ಬಿಗಳು ಅಟ್ಟ ಸೇರಿದವು. “ಕೂಸ ಇಲ್ಲಂದಮ್ಯಾಲೆ ಎಲ್ಲೀ ಬಾಣಂತನ?” ಎಂದಳು ಚಿಗವ್ವ. ಪಕ್ಕದ ಮನೆಯಾಕೆ ನನ್ನನ್ನು ಕಂಡು ತನ್ನ ಕೂಸಿನ ಮೇಲೆ ಸೆರಗು ಎಳೆದಳು. ಹಡೆದವರ ಜೊತೆ ಕೂಡುವಂತಿರಲಿಲ್ಲ. ಹಡೆಯದವರ ಸಾಲಿಗೂ ನಾನು ಸೇರಿರಲಿಲ್ಲ. ಊಟ ಬಿಟ್ಟೆ. ನಿದ್ದೆ ತಾನೇ ಬಿಟ್ಟು ಹೋಯಿತು. “ಇನ್ನೊಂದ ಆಗ್ತೈತಿ ಬಿಡ,” ಎನ್ನುವಾಗ ಅವ್ವನ ಕಣ್ಣು ಕೆಂಪಗಿರುತ್ತಿತ್ತು. ನಾನು ಹೊಳೆಗೆ ಹೋಗುವ ದಾರಿಯನ್ನೇ ನೋಡುತ್ತ ಕೂಡುತ್ತಿದ್ದೆ.

ಒಂದು ದಿನ ಅತ್ತೆ ಬಸ್ಸಿಳಿದು ಬಂದರು. ಬಾಯಿ ಜೋರಿನ ಹೆಂಗಸು, ಬೈಯಲಿಕ್ಕೇ ಬಂದಿರಬೇಕೆಂದುಕೊಂಡೆ.

“ಏನ್ರಿ ಬೀಗತಿ, ಅಂಟಿನುಂಡಿ ಎಲ್ಲಿ? ನೀವ ತಿಂದ ಮುಗಿಸಿದ್ರೇನು?”

“ಕೂಸ ಇಲ್ಲಲ್ರಿ...” ಅವ್ವ ತಡವರಿಸಿದಳು.

“ಕೂಸ ಹೋಗೇತಿ. ಹಡದಾಕಿ ಇಲ್ಲೇ ಕುಂತಾಳಲ್ರಿ! ಡಬ್ಬಿ ಇಳಸ್ರಿ.”

ತಾವೇ ಎಣ್ಣೆ ಹಚ್ಚಿ, ಸುಡು ಸುಡು ನೀರು ಎರೆದರು. ನನ್ನ ತಲೆ ಒರೆಸುತ್ತ ಮೆಲ್ಲಗೆ ಹೇಳಿದರು: “ಆಸ್ಪತ್ರಿಯೊಳಗ ಕೂಸಿಗೆ ನಾನ ಕಡೀ ನೀರ ಎರದೆ. ತಲಿ ತುಂಬ ಕೂದಲಿತ್ತವ್ವಾ. ಗದ್ದ ಥೇಟ ನಿಂದ.”

ಅಲ್ಲಿಯವರೆಗೆ ನನಗೆ ಅಳು ಬಂದಿರಲಿಲ್ಲ.

“ಅತ್ತೀ, ನನಗ ಬದಕಾಕ ಮನಸಿಲ್ರಿ,” ಎಂದೆ. ಅವರು ಬೈಯಲಿಲ್ಲ. ಕೈ ಬಿಡಲಿಲ್ಲ. ಮರುದಿನ ಚಿಕ್ಕೋಡಿಯಲ್ಲಿ ಮನೋವೈದ್ಯರ ಎದುರು ನನ್ನ ಪಕ್ಕದಲ್ಲೇ ಕುಳಿತರು.

“ಇದು ಡಿಪ್ರೆಶನ್. ಕೂಸು ಕಳಕೊಂಡ ತಾಯಿಗೂ ಬರ್ತದ,” ಎಂದರು ಡಾಕ್ಟರು.

ತಾಯಿ. ನನ್ನನ್ನು ಹಾಗೆ ಕರೆದವರಲ್ಲಿ ಅವರೇ ಮೊದಲಿಗರು.

ಗುಳಿಗೆ ಇನ್ನೂ ನಡೆದಿದೆ. ಅತ್ತೆ ಊರಿಗೆ ಮರಳಿಲ್ಲ. ಕೆಲವು ಮುಂಜಾನೆ ನನಗೆ ಏಳಲಾಗುವುದಿಲ್ಲ. ಅಂಥ ದಿನ ಅವರು ಉಂಡಿ ಹಿಡಿದು ಹಾಸಿಗೆಯ ಬಳಿ ಬಂದು ಕೂಡುತ್ತಾರೆ, ತಿನ್ನುವವರೆಗೆ ಏಳುವುದಿಲ್ಲ. ತಲೆ ಬಾಚುವಾಗ ಕನ್ನಡಿಯಲ್ಲಿ ಗದ್ದ ಕಾಣುತ್ತದೆ. ಸ್ವಲ್ಪ ಹೊತ್ತು ನೋಡುತ್ತೇನೆ. ಆಮೇಲೆ ಜಡೆ ಹಾಕಿಕೊಳ್ಳುತ್ತೇನೆ.